ಖಾಲಿ ಎಂದು ಬರೆದಿದ್ದ ಡ್ರೈವ್

ಚಾಮರಾಜಪೇಟೆಯ ನಮ್ಮ ಮನೆಯ ಅಡುಗೆಮನೆಯಲ್ಲಿ ಡಬ್ಬದ ಮೇಲೆ ಬರೆದಿರುವುದಕ್ಕೂ ಅದರೊಳಗೆ ಇರುವುದಕ್ಕೂ ಸಂಬಂಧವಿಲ್ಲ. ‘ಸಕ್ಕರೆ’ ಎಂದಿದ್ದರೆ ಚಿರೋಟಿ ರವೆ, ‘ಕಾಫಿಪುಡಿ’ ಎಂದಿದ್ದರೆ ಮೆಂತ್ಯ. ಮದುವೆಯಾಗಿ ಬಂದ ಹೊಸತರಲ್ಲಿ ಚೀಟಿ ನಂಬಿಕೊಂಡು ಉಪ್ಪಿಟ್ಟಿಗೆ ಅಕ್ಕಿಹಿಟ್ಟು ಸುರಿದಿದ್ದೆ. ಅತ್ತೆ ಮಾತ್ರ ಒಂದು ದಿನವೂ ತಪ್ಪಿದವರಲ್ಲ. ಡಬ್ಬ ಖಾಲಿಯಾದರೆ ಬೇಕಾದ್ದನ್ನು ತುಂಬುತ್ತಾರೆ, ಚೀಟಿಯ ಗೊಡವೆಗೆ ಹೋಗುವುದಿಲ್ಲ.

ನಾನು ಅದಕ್ಕೆ ತದ್ವಿರುದ್ಧ. ಅವೆನ್ಯೂ ರಸ್ತೆಯ ಪ್ರಕಾಶಕರೊಬ್ಬರಿಗೆ ಶಾಲೆಯ ಗೈಡುಗಳ ಪುಟವಿನ್ಯಾಸ ಮಾಡಿಕೊಡುವುದು ನನ್ನ ಕೆಲಸ. ಅವರು ಬಳಸುವ ಹಳೆಯ ಕನ್ನಡ ಫಾಂಟುಗಳಿಗೆ ವಿಂಡೋಸೇ ಬೇಕು. ನನಗೆ ವಿಂಡೋಸಿನ ಬದಲು ಬಳಸುವ ಲಿನಕ್ಸ್ ಇಷ್ಟ. ಹಾಗಾಗಿ ಮನೆಯ ಒಂದೇ ಕಂಪ್ಯೂಟರಿನಲ್ಲಿ ಎರಡನ್ನೂ ಇಟ್ಟುಕೊಂಡಿದ್ದೇನೆ. ಆನ್ ಮಾಡಿದಾಗ ಯಾವುದು ಬೇಕೆಂದು ಅದೇ ಕೇಳುತ್ತದೆ. ಹಾರ್ಡ್ ಡಿಸ್ಕನ್ನು ನಾಲ್ಕು ಭಾಗ ಮಾಡಿ ಒಂದೊಂದಕ್ಕೂ ಹೆಸರು ಕೊಟ್ಟಿದ್ದೆ. ವಿಂಡೋಸಿಗೊಂದು, ಲಿನಕ್ಸಿಗೊಂದು, ‘ಕೆಲಸ’ ಎಂದು ಇನ್ನೊಂದು. ಮುಂದೆ ಬೇಕಾದೀತು ಎಂದು ಬಿಟ್ಟಿದ್ದ ನಾಲ್ಕನೆಯದಕ್ಕೆ ‘ಖಾಲಿ’ ಎಂದು ಹೆಸರಿಟ್ಟೆ. ‘ಕೆಲಸ’ಕ್ಕೆ ವಾರಕ್ಕೊಮ್ಮೆ ಹೊರಗಿನ ಡಿಸ್ಕಿನಲ್ಲಿ ನಕಲು ತೆಗೆಯುತ್ತಿದ್ದೆ. ಖಾಲಿ ಇರುವುದಕ್ಕೆ ಯಾರು ನಕಲು ತೆಗೆಯುತ್ತಾರೆ?

ಕಳೆದ ವರ್ಷ ಲಿನಕ್ಸಿಗೆ ಕೊಟ್ಟಿದ್ದ ಜಾಗ ಸಾಲದಾಯಿತು. ಒಂದು ಶನಿವಾರ ಬೆಳಿಗ್ಗೆ ಕಾಫಿ ಕುಡಿದು ಕೂತು, ‘ಖಾಲಿ’ಯನ್ನು ಅಳಿಸಿ, ಫಾರ್ಮ್ಯಾಟ್ ಮಾಡಿ ಲಿನಕ್ಸಿಗೆ ಸೇರಿಸಿದೆ. ‘ಇದರಲ್ಲಿರುವುದೆಲ್ಲ ಹೋಗುತ್ತದೆ, ಪರವಾಗಿಲ್ಲವೇ’ ಎಂದು ಕಂಪ್ಯೂಟರ್ ಕೇಳಿತು. ಅದರ ತಲೆಹರಟೆಗೆ ನಕ್ಕು ಹೌದು ಎಂದೆ. ಅಲ್ಲಿಗೆ ಒಂದಷ್ಟು ಫೈಲುಗಳನ್ನು ಹಾಕಿಯೂ ಬಿಟ್ಟೆ.

ಮಧ್ಯಾಹ್ನ ಅತ್ತೆ ಬಂದು ಕಂಪ್ಯೂಟರ್ ಮುಂದೆ ಕೂತರು. ಕೊಂಚ ಹೊತ್ತು ಮೌಸ್ ಆಡಿಸಿ ನನ್ನನ್ನು ಕರೆದರು.

“ಇಲ್ಲಿ ‘ಖಾಲಿ’ ಅಂತ ಇತ್ತಲ್ಲ, ಎಲ್ಹೋಯ್ತೇ?”

“ಅದನ್ನ ತೆಗ್ದೆ ಅತ್ತೆ. ಯಾಕೆ?”

“ಅಕ್ಕನ ಹಾಡೆಲ್ಲ ಅದ್ರಲ್ಲೇ ಇಟ್ಟಿದ್ದೆ.”

ಅತ್ತೆ ಮತ್ತು ಅವರ ಅಕ್ಕ ಮದುವೆಮನೆಗಳಲ್ಲಿ ಜೋಡಿಯಾಗಿ ಹಾಡುತ್ತಿದ್ದವರು. ಮಲ್ಲೇಶ್ವರದ ಅಕ್ಕನ ಮನೆಯಲ್ಲಿ ಕೂತು ಇಬ್ಬರೂ ಇಪ್ಪತ್ತೆರಡು ಹಾಡುಗಳನ್ನು ಅತ್ತೆಯ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದರು. ಆಮೇಲೆ ಅಕ್ಕ ತೀರಿಕೊಂಡರು. ಮೊಬೈಲ್ ತುಂಬಿತೆಂದು ಅತ್ತೆ ಹಾಡುಗಳನ್ನು ಕಂಪ್ಯೂಟರಿಗೆ ಸಾಗಿಸಿ, ಮೊಬೈಲಿನಲ್ಲಿದ್ದವನ್ನು ಅಳಿಸಿದ್ದರು. ವೈರ್ ಸಿಕ್ಕಿಸಿ ಸಾಗಿಸುವುದನ್ನು ಕಲಿಸಿದವಳು ನಾನೇ.

“ಖಾಲಿ ಅಂತ ಬರ್ದಿರೋದ್ರಲ್ಲಿ ಯಾಕೆ ಇಟ್ರಿ ಅತ್ತೆ?” ಎಂದು ಕಿರುಚಿದೆ. ತಪ್ಪು ಮಾಡಿದಾಗ ನನ್ನ ದನಿ ಜೋರಾಗುತ್ತದೆ, ಹಾಳು ಬುದ್ಧಿ.

“ಖಾಲಿ ಅಂತ ಬರ್ದಿತ್ತು, ಅದಕ್ಕೇ ಇಟ್ಟೆ. ತುಂಬಿರೋ ಡಬ್ಬಕ್ಕೆ ಯಾರಾದ್ರೂ ಹಾಕ್ತಾರಾ?” ಎಂದರು ಅವರು, ಸಮಾಧಾನವಾಗಿ.

ನಾನು ಕೈಚಾಚಿ ಕಂಪ್ಯೂಟರ್ ಆರಿಸಿದೆ.

ಅಲ್ಲಿಂದ ಒಂದೂವರೆ ತಿಂಗಳಿಗೆ ಅಕ್ಕನ ಮೊಮ್ಮಗಳ ಮದುವೆಯಿತ್ತು. ಉರುಟಣೆಯಲ್ಲಿ ವಧೂವರರು ಒಬ್ಬರಿಗೊಬ್ಬರು ಅರಿಸಿನ ಕುಂಕುಮ ಹಚ್ಚುವಾಗ ಅಜ್ಜಿಯ ದನಿ ಕೇಳಿಸಬೇಕೆಂದು ಹುಡುಗಿಯ ತಾಯಿ, ಅಂದರೆ ಅಕ್ಕನ ಮಗಳು, ಹಾಡುಗಳಿಗಾಗಿ ಕಾಯುತ್ತಿದ್ದರು. ಮರುದಿನ ಅವರ ಫೋನ್ ಬಂತು. ನಾನು ಪಕ್ಕದ ಕೋಣೆಯಲ್ಲೇ ಇದ್ದೆ.

“ಅದೇನಾಯ್ತು ಅಂದ್ರೆ, ನಾನೇ ಎಲ್ಲೋ ಏನೋ ಒತ್ಬಿಟ್ಟೆ ಕಣೆ,” ಎನ್ನುತ್ತಿದ್ದರು ಅತ್ತೆ. “ಎಲ್ಲ ಅಳಿಸ್ಹೋಗಿದೆ. ಪಾಪ, ಇವಳು ಹುಡುಕ್ತಿದಾಳೆ.”

ಸುಳ್ಳು ಹೇಳಿದರೆ ನಾಲಿಗೆಗೆ ಬರೆ ಹಾಕುತ್ತೇನೆಂದು ಹೆದರಿಸಿ ಮಕ್ಕಳನ್ನು ಬೆಳೆಸಿದ ಹೆಂಗಸು ನನಗಾಗಿ ಸಲೀಸಾಗಿ ಸುಳ್ಳು ಹೇಳಿದರು. ನನಗೆ ಅಳು ಬಂತು. ಆದರೆ ಹೊರಗೆ ಹೋಗಿ ‘ಅದು ನಾನು’ ಎನ್ನುವ ಧೈರ್ಯ ಬರಲಿಲ್ಲ.

ಡಿಸ್ಕಿನಲ್ಲಿ ಅಳಿಸಿದ್ದು ಕೂಡಲೇ ಹೋಗುವುದಿಲ್ಲ, ಅದರ ಮೇಲೆ ಹೊಸದನ್ನು ಬರೆದಾಗ ಹೋಗುತ್ತದೆ. ಅದಕ್ಕೇ ಆ ಡಿಸ್ಕನ್ನು ಇನ್ನು ಮುಟ್ಟದೆ, ಪೆನ್‌ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸಿ, ಕಳೆದ ಫೈಲುಗಳನ್ನು ಹುಡುಕುವ ಒಂದು ಪ್ರೋಗ್ರಾಂ ಓಡಿಸಿದೆ. ದಿನವಿಡೀ ಹುಡುಕಿ ಅದು ಹತ್ತೊಂಬತ್ತು ಹಾಡುಗಳನ್ನು ತಂದುಕೊಟ್ಟಿತು. ಯಾವುದಕ್ಕೂ ಹೆಸರಿಲ್ಲ, ಬರೀ ಅಂಕಿಗಳು. ಉಳಿದ ಮೂರರ ಮೇಲೆ ನನ್ನ ಫೈಲುಗಳು ಕೂತುಬಿಟ್ಟಿದ್ದವು.

ಆ ವಾರವೆಲ್ಲ ಮಧ್ಯಾಹ್ನ ಅತ್ತೆ ಪಕ್ಕದಲ್ಲಿ ಕೂತು ಹೆಸರು ಹೇಳಿದರು, ನಾನು ಬರೆದೆ. ಅಕ್ಕ ಉಸಿರು ಎಳೆದುಕೊಂಡ ಸದ್ದಿಗೇ ಅವರಿಗೆ ಹಾಡು ಗೊತ್ತಾಗುತ್ತಿತ್ತು. ಹತ್ತೊಂಬತ್ತೂ ಮುಗಿದಾಗ ಕಳೆದುಹೋದ ಮೂರು ಯಾವುವು ಎಂಬುದು ತಿಳಿಯಿತು. ಮೂರೂ ಉರುಟಣೆಯ ಹಾಡುಗಳೇ. ಗಂಡಿನ ಕಡೆಯ ಸಾಲು ಅಕ್ಕನದು, ಹೆಣ್ಣಿನ ಕಡೆಯದು ಅತ್ತೆಯದು; ಒಬ್ಬರು ಬೀಗರನ್ನು ಕಿಚಾಯಿಸಿದರೆ ಇನ್ನೊಬ್ಬರು ತಿರುಗಿಸಿ ಕೊಡುವುದು.

ಅತ್ತೆ ಮೊಬೈಲ್ ನನ್ನ ಕೈಗಿತ್ತು, “ಒತ್ತು” ಎಂದರು. ತಮ್ಮ ಸಾಲನ್ನು ಹಾಡಿದರು, ಸುಮ್ಮನಾದರು. ಮರೆತರೆಂದುಕೊಂಡು ರೆಕಾರ್ಡಿಂಗ್ ನಿಲ್ಲಿಸಲು ಹೋದೆ. ಬೇಡವೆಂದು ಕೈ ಆಡಿಸಿದರು. ತೊಡೆಯ ಮೇಲೆ ತಾಳ ಹಾಕುತ್ತಾ ಒಂದು ಸಾಲಿನಷ್ಟು ಹೊತ್ತು ಕಾದು, ಮುಂದಿನದನ್ನು ಹಾಡಿದರು. ಮೂರು ಹಾಡೂ ಹಾಗೆಯೇ. ಪುಟದಲ್ಲಿ ಬಿಳಿ ಜಾಗ ಕಂಡರೆ ಸಹಿಸದ ನನಗೆ ಆ ಮೌನಗಳನ್ನು ಕತ್ತರಿಸಲು ಕೈ ತುರಿಸುತ್ತಿತ್ತು. ಅತ್ತೆ ಬಿಡಲಿಲ್ಲ.

ಹಾಡುಗಳನ್ನೆಲ್ಲ ಕಳಿಸಿದ ಮೇಲೆ ಅಕ್ಕನ ಮಗಳ ಫೋನ್ ಬಂತು. “ಚಿಕ್ಕಮ್ಮಾ, ಮಧ್ಯೆ ಮಧ್ಯೆ ನಿಂತ್ಹೋಗತ್ತಲ್ಲ, ಫೈಲ್ ಹಾಳಾಗಿದ್ಯಾ?”

“ಹಾಳೇನೂ ಆಗಿಲ್ಲ. ಅಲ್ಲಿ ನಿಮ್ಮಮ್ಮನ ಸಾಲು. ಚಿಕ್ಕವಳಿದ್ದಾಗಿಂದ ಕೇಳಿದೀಯ, ಹೇಳ್ಕೊಂಡು ಕಲ್ತ್ಕೋ.”

ಮದುವೆಯ ದಿನ ಹತ್ತೊಂಬತ್ತು ಹಾಡುಗಳಲ್ಲಿ ಕೆಲವನ್ನು ಹಾಕಿದರು, ಅಕ್ಕನ ದನಿ ಛತ್ರ ತುಂಬಿತು. ಉರುಟಣೆಗೆ ಮಾತ್ರ ಅತ್ತೆ ಮತ್ತು ಅಕ್ಕನ ಮಗಳು ಎದುರುಬದುರು ಕೂತು ಹಾಡಿದರು. ಹೆಣ್ಣಿನ ತಾಯಿಯೇ ಗಂಡಿನ ಕಡೆಯ ಸಾಲು ಹಾಡಿ ತನ್ನನ್ನೇ ಕಿಚಾಯಿಸಿಕೊಂಡದ್ದಕ್ಕೆ ಬೀಗರೆಲ್ಲ ಬಿದ್ದು ಬಿದ್ದು ನಕ್ಕರು. ಶ್ರುತಿ ಅಲ್ಲಲ್ಲಿ ತಪ್ಪಿತು. ಒಂದು ಸಾಲೂ ಬಿಟ್ಟುಹೋಗಲಿಲ್ಲ.

ಊಟದ ಪಂಕ್ತಿಯಲ್ಲಿ ಅಕ್ಕನ ಮಗಳು ಬಂದು, ಅಮ್ಮನ ಹಾಡು ಉಳಿದದ್ದೇ ದೊಡ್ಡದು ಎಂದು ಕಣ್ಣೊರೆಸಿಕೊಂಡರು.

“ಎಲ್ಲಾ ನನ್ನ ಸೊಸೆಯಿಂದ ಕಣೆ. ಇವಳಿಲ್ದಿದ್ರೆ ಒಂದೂ ಸಿಗ್ತಿರ್ಲಿಲ್ಲ,” ಎಂದರು ಅತ್ತೆ.

ಇಷ್ಟು ಹೊತ್ತಿಗಾದರೂ ನಿಜ ಹೇಳಿಬಿಡೋಣವೆಂದು, “ಅಲ್ಲ, ಅದನ್ನ ಅಳಿಸಿದ್ದು...” ಎಂದು ಬಾಯಿ ತೆರೆದೆ.

“ಇವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿ,” ಎಂದು ಅತ್ತೆ ಬಡಿಸುವವರನ್ನು ಗಟ್ಟಿಯಾಗಿ ಕರೆದರು. “ತುಪ್ಪ ಮುಂದಾಗಿ ಬಡಿಸಿ.”