ಬೀಗ ಕೆಟ್ಟಿದೆ ಎಂದು ಹೇಳಲು ಹೋದ ಅಕ್ಕ

ಅಕ್ಕನ ಬಲಗೈಯ ತೋರುಬೆರಳು ತುದಿಯಲ್ಲಿ ಸೊಟ್ಟಗಾಗಿತ್ತು. ಚಿಕ್ಕಂದಿನಲ್ಲಿ ಬಸ್ಸಿನ ಬಾಗಿಲಿಗೆ ಸಿಕ್ಕಿತ್ತಂತೆ. ಸರ್ವರಿಗೆ ಏನಾದರೂ ಆಜ್ಞೆ ಕೊಡುವ ಮೊದಲು ಆ ಬೆರಳು ಎಂಟರ್ ಕೀಲಿಯ ಮೇಲೆ ಗಾಳಿಯಲ್ಲೇ ನಿಲ್ಲುತ್ತಿತ್ತು. ಬರೆದದ್ದನ್ನು ತುಟಿ ಅಲುಗಿಸುತ್ತ ಇನ್ನೊಮ್ಮೆ ಓದಿ, ಆಮೇಲೆ ಸೊಳ್ಳೆ ಹೊಡೆದ ಹಾಗೆ ಒಂದು ಏಟು. ಪಕ್ಕದಲ್ಲಿ ಕೂತ ನನಗೆ ಮೈ ಪರಚಿಕೊಳ್ಳುವಷ್ಟು ಅವಸರ.

ನಂತೂರಿನ ಹತ್ತಿರ, ಲಾರಿ ಹೋದಾಗಲೆಲ್ಲ ಕಿಟಕಿ ನಡುಗುವ ಒಂದು ಕೋಣೆಯೇ ಅವರ ಆಫೀಸು. ಊರಿನ ವ್ಯಾಪಾರಿಗಳ, ಕ್ಲಿನಿಕ್‌ಗಳ ಇಮೇಲ್ ನಡೆಸಿಕೊಡುವುದು ಅವರ ಉದ್ಯೋಗ. ಅಲ್ಲಿ ಕೆಲಸಕ್ಕಿದ್ದವಳು ನಾನೊಬ್ಬಳೇ, ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರ ಮನೆಮಾತು ತುಳು, ನನ್ನದು ಕೊಂಕಣಿ. ಹಾಗಾಗಿ ನಮ್ಮ ಜಗಳಗಳೆಲ್ಲ ಕನ್ನಡದಲ್ಲಿ.

ಅವರದೊಂದು ಹಠವಿತ್ತು. ಪಾಸ್‌ವರ್ಡ್ ಬದಲಿಸಬೇಕಾದರೆ ಗಿರಾಕಿಯೇ ಆಫೀಸಿಗೆ ಬರಬೇಕು, ಇಲ್ಲವೇ ಅಕ್ಕನೇ ಅವರಲ್ಲಿಗೆ ಹೋಗಬೇಕು. ಫೋನಿನಲ್ಲಿ ಆಗದು, ಮೈಲಿನಲ್ಲಂತೂ ಇಲ್ಲವೇ ಇಲ್ಲ. "ಮುಖ ನೋಡದೆ ನಾನು ಬೀಗ ಬದಲಿಸುವುದಿಲ್ಲ," ಎನ್ನುತ್ತಿದ್ದರು. ಹೆಣ್ಣು ನೋಡುವ ಶಾಸ್ತ್ರಕ್ಕೂ ಇಷ್ಟು ಓಡಾಟವಿಲ್ಲ ಎಂದು ಗಿರಾಕಿಗಳು ಗೊಣಗುತ್ತಿದ್ದರು, ಬಂದು ಚಹಾ ಕುಡಿದು ಹೋಗುತ್ತಿದ್ದರು.

ಒಂದು ಬೆಳಿಗ್ಗೆ, ನಾವು ಬಳಸುತ್ತಿದ್ದ ಮೈಲ್ ಸರ್ವರ್ ತಂತ್ರಾಂಶದಲ್ಲಿ ದೋಷವಿದೆಯೆಂಬ ಎಚ್ಚರಿಕೆ ಬಂತು. ಪಾಸ್‌ವರ್ಡ್ ಪರೀಕ್ಷಿಸುವ ಜಾಗದಲ್ಲೇ ಹುಳುಕು. ಒಂದು ವಿಶೇಷ ರೀತಿಯಲ್ಲಿ ಕೋರಿಕೆ ಕಳಿಸಿದರೆ ಸರ್ವರ್ ಏನನ್ನೂ ಪರೀಕ್ಷಿಸದೆ ಒಳಗೆ ಬಿಡುತ್ತಿತ್ತು, "ನಾನು ಇಲ್ಲಿಯವನೇ" ಎಂದವನಿಗೆಲ್ಲ ಗೇಟು ತೆಗೆಯುವ ಕಾವಲುಗಾರನ ಹಾಗೆ. ಹಾಗೆ ನುಗ್ಗಿದವನು ಯಾರ ಪತ್ರವನ್ನೂ ಓದಬಹುದು, ಅವರ ಹೆಸರಿನಲ್ಲೇ ಬರೆಯಲೂಬಹುದು. ಅಕ್ಕ ಚಹಾ ಮುಟ್ಟದೆ ಕೂತು ದುರಸ್ತಿಯ ಅಪ್‌ಡೇಟ್ ಹಾಕಿದರು. ಯಾರು ಯಾವಾಗ ಒಳಬಂದರೆಂದು ಸರ್ವರ್ ಬರೆದಿಡುವ ಲಾಗ್‌ಗಳನ್ನು ಇಬ್ಬರೂ ಜಾಲಾಡಿದೆವು. ಕಳ್ಳನ ಗುರುತಿರಲಿಲ್ಲ. ಆದರೆ ಹಳೆಯ ಲಾಗ್‌ಗಳು ಅಳಿಸಿಹೋಗಿದ್ದವು, ಯಾರೂ ಬಂದಿರಲೇ ಇಲ್ಲ ಎನ್ನಲೂ ಆಧಾರವಿರಲಿಲ್ಲ.

"ರಿಪೇರಿ ಆಯ್ತಲ್ಲ ಅಕ್ಕ, ಇನ್ನು ಹೇಳುವುದು ಎಂತಕ್ಕೆ?" ಎಂದೆ. "ಬಂದರಿನ ಸಾಹುಕಾರರು ಬಿಟ್ಟು ಹೋದ್ರೆ ನಾವು ಬಾಗಿಲು ಹಾಕ್ಬೇಕಾದೀತು."

ಬಂದರಿನಲ್ಲಿ ಒಣಮೀನಿನ ಗೋದಾಮು ಇಟ್ಟಿದ್ದ ಆ ಸಾಹುಕಾರರೇ ನಮ್ಮ ದೊಡ್ಡ ಗಿರಾಕಿ. ಆಫೀಸು ನಡೆಯುತ್ತಿದ್ದದ್ದೇ ಅವರಿಂದ.

"ಅವರ ಬೀಗ ಕೆಟ್ಟಿತ್ತು ಅಂತ ಅವರಿಗೆ ಗೊತ್ತಾಗುವುದು ಬೇಡ್ವಾ ಮಾರಾಯ್ತಿ?"

"ಹಾಗಾದ್ರೆ ಎಲ್ಲರಿಗೂ ಒಂದು ಮೈಲ್ ಹಾಕ್ತೇನೆ."

ಅಕ್ಕ ನಕ್ಕೇಬಿಟ್ಟರು. "ಮೈಲ್ ನಂಬಬೇಡಿ ಅಂತ ಮೈಲಿನಲ್ಲೇ ಹೇಳುವುದಾ? ಚಪ್ಪಲಿ ಹಾಕು."

ಆ ವಾರವಿಡೀ ಅವರ ಸ್ಕೂಟರಿನ ಹಿಂದೆ ಕೂತು ಊರೆಲ್ಲ ಗಿರಾಕಿಗಳ ಬಾಗಿಲಿಗೆ ಅಲೆದೆ. ಬಂದರಿನ ಗೋದಾಮಿನ ಮರದ ಮೆಟ್ಟಿಲನ್ನು ಅಕ್ಕನ ಹಿಂದೆ ಹತ್ತಿದೆ. ಸಾಹುಕಾರರು ಕೂರಲಿಕ್ಕೂ ಹೇಳಲಿಲ್ಲ. ಅಕ್ಕ ನಿಂತೇ ಎಲ್ಲವನ್ನೂ ಹೇಳಿದರು.

"ಅಂದ್ರೆ ನನ್ನ ಮೈಲ್ ಯಾರೋ ಓದಿದ್ದಾರೆ?"

"ಓದಿರಬಹುದು, ಓದದೆಯೂ ಇರಬಹುದು. ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳ್ಲಿಕ್ಕೇ ಬಂದದ್ದು."

"ಗೊತ್ತಿಲ್ಲದಿದ್ರೆ ನೀವು ಇರುವುದು ಎಂತಕ್ಕೆ?" ಸಾಹುಕಾರರ ಸ್ವರಕ್ಕೆ ಕೆಳಗೆ ಮೂಟೆ ಹೊರುತ್ತಿದ್ದವರು ತಲೆಯೆತ್ತಿ ನೋಡಿದರು. ಅಕ್ಕನ ಕಿವಿ ಕೆಂಪಾಯಿತು. ಆದರೂ ಸಾಹುಕಾರರ ಕೈಯಿಂದಲೇ ಹೊಸ ಪಾಸ್‌ವರ್ಡ್ ಹಾಕಿಸಿದರು. ಅವರು ಅದನ್ನು ಒತ್ತಿ ಮುಗಿಸುವವರೆಗೆ ಅಕ್ಕ ಗೋಡೆಯತ್ತ ಮುಖ ತಿರುಗಿಸಿ ನಿಂತಿದ್ದರು, ನನ್ನನ್ನೂ ತಿರುಗಿಸಿ ನಿಲ್ಲಿಸಿದ್ದರು.

"ಆಲೋಚನೆ ಮಾಡಿ ಹೇಳ್ತೇನೆ," ಎಂದರು ಸಾಹುಕಾರರು. ಮೆಟ್ಟಿಲಿಳಿಯುವಾಗ ನನಗೆ ಅಕ್ಕನ ಮೇಲೆ ಸಿಟ್ಟೇ ಬಂದಿತ್ತು. ಸುಮ್ಮನಿದ್ದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಕೆಲವು ದಿನ ಕಳೆದು ಸಾಹುಕಾರರ ಫೋನ್ ಬಂತು. ನಮ್ಮ ಆಫೀಸಿನ ಹೆಸರಿನಲ್ಲೇ, ಪಾಸ್‌ವರ್ಡ್ ಬರೆದು ಕಳಿಸಿ ಎಂದು ಅವರಿಗೊಂದು ಮೈಲ್ ಬಂದಿತ್ತಂತೆ.

"ಕೊಟ್ರಾ?" ಎಂದೆ.

"ನನಗೆಂತ ಹುಚ್ಚಾ? ನಾನು ಪಾಸ್‌ವರ್ಡ್ ಒತ್ತುವಾಗ ಗೋಡೆ ನೋಡ್ತಾ ನಿಂತ ಹೆಂಗಸು ಅದನ್ನು ಮೈಲಿನಲ್ಲಿ ಕೇಳ್ತಾರಾ? ಅಳಿಸಿ ಹಾಕಿದೆ. ನಿಮ್ಮ ಆಫೀಸು ಬಿಟ್ಟು ನಾನು ಎಲ್ಲಿಗೂ ಹೋಗುವುದಿಲ್ಲ ಅಂತ ಅವರಿಗೆ ಹೇಳಿ."

ಬೇರೆ ಗಿರಾಕಿಗಳಿಗೂ ಅದೇ ಮೈಲ್ ಹೋಗಿತ್ತು. ಒಬ್ಬರೂ ಬಲೆಗೆ ಬೀಳಲಿಲ್ಲ. ವಿಷಯ ತಿಳಿದ ಅಕ್ಕ ಕಣ್ಣೊರೆಸಿಕೊಂಡು, ಅದು ನನಗೆ ಕಾಣಲಿಲ್ಲವೆಂಬಂತೆ, "ಅಂಗಡಿಯಲ್ಲಿ ಬಿಸಿ ಪೋಡಿ ಕರ್ದಿದ್ದಾರಾ ನೋಡು, ಹಸಿವಾಗ್ತದೆ," ಎಂದರು.

ಅಕ್ಕ ಈಗಿಲ್ಲ. ಕಾಯಿಲೆ ಬಿದ್ದಾಗಲೇ ಆಫೀಸನ್ನು ನನ್ನ ಕೈಗಿಟ್ಟಿದ್ದರು. ಕುಲಶೇಖರದಲ್ಲಿದ್ದ ಅವರ ಮನೆಯಿಂದ ಅವರನ್ನು ಕೊನೆಯ ಸಲ ಕಳಿಸಿಕೊಟ್ಟು ಬಂದು, ಆ ಖಾಲಿ ಕುರ್ಚಿಯ ಪಕ್ಕ ಕೂತು ಬಹಳ ಅತ್ತೆ. ಎಂಟರ್ ಒತ್ತುವ ಮೊದಲು ಈಗ ನನ್ನ ಬೆರಳೂ ಗಾಳಿಯಲ್ಲಿ ನಿಲ್ಲುತ್ತದೆ.

ಈಚೆಗೆ ಇನ್ನೊಂದು ದೋಷದ ಎಚ್ಚರಿಕೆ ಬಂತು. ಅಪ್‌ಡೇಟ್ ಹಾಕಿ, ಚಪ್ಪಲಿ ಮೆಟ್ಟಿ ಬಂದರಿಗೆ ಹೋದೆ. ನನ್ನನ್ನು ಕಂಡದ್ದೇ ಸಾಹುಕಾರರು ಎದುರಿನ ಕುರ್ಚಿಯ ಮೇಲಿದ್ದ ಸಾಮಾನು ತೆಗೆದು ಕೆಳಗಿಟ್ಟರು.

"ನೀವೇ ಬಂದಿದ್ದೀರಿ ಅಂದ್ರೆ ಎಂತದೋ ಉಂಟು. ಕೂತ್ಕೊಳ್ಳಿ, ಹೇಳಿ."

ಕೂತೆ. ಅಕ್ಕ ನಿಂತು ಸಂಪಾದಿಸಿದ ಕುರ್ಚಿ ಅದು.