ಸೋತ ಕೋಚಿನ ರೆಕಾರ್ಡು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್‌ಗಳಲ್ಲಿ ಯಾರು ದೊಡ್ಡವರು ಎಂಬ ಪ್ರಶ್ನೆ ನನ್ನ ಊಟ ಕೆಡಿಸೀತೆಂದು ನಾನು ಎಣಿಸಿರಲಿಲ್ಲ. ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿರುವ ನನ್ನ ಭಾವ, ಅಂದರೆ ಅಕ್ಕನ ಗಂಡ, ರಿಟೈರ್ ಆದ ಮೇಲೆ ಆ ಮಹನೀಯರ ಟೂರ್ನಮೆಂಟ್ ದಾಖಲೆಗಳನ್ನು ಹೋಲಿಸುವುದನ್ನೇ ಕಸುಬು ಮಾಡಿಕೊಂಡಿದ್ದಾರೆ. ಯಾರು ಎಷ್ಟು ಸಲ ಸೆಮಿಫೈನಲ್ಲಿಗೆ ಬಂದರು, ಯಾರು ಮೊದಲ ದಿನವೇ ಮಣ್ಣು ಮುಕ್ಕಿದರು, ಎಲ್ಲಕ್ಕೂ ಒಂದೊಂದು ಕಾಲಮ್ಮು. ಈಸ್ಟರ್ ರಜೆಯಲ್ಲಿ ಅವರ ಮನೆಗೆ ಊಟಕ್ಕೆ ಹೋದರೆ ಪಟ್ಟಿಯ ಕೊನೆಯಲ್ಲಿ ನನ್ನ ಹೆಸರೂ ಇತ್ತು. ಗೆಲುವಿನ ಕಡೆ ಸೊನ್ನೆ.

ನಾನು ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿ ಹಲ್ಲಿನ ಡಾಕ್ಟರು. ಭಾನುವಾರ ನಮ್ಮ ಕನ್ನಡ ಸಂಘದ ಹೆಣ್ಣುಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತೇನೆ. ನನ್ನ ಏಕೈಕ ತಂತ್ರ ಕನ್ನಡ. "ಎಡಕ್ಕೆ ಕೊಡೇ," "ಹಿಂದೆ ನೋಡೇ" ಎಂದು ಕೂಗಿದರೆ ಅಕ್ಕಪಕ್ಕದ ಯಾವ ಸಬರ್ಬಿನ ತಂಡಕ್ಕೂ ತಲೆಬುಡ ತಿಳಿಯುತ್ತಿರಲಿಲ್ಲ. ಆ ಗುಟ್ಟನ್ನೇ ನಂಬಿ ಮೆಲ್ಬರ್ನಿನ ಟೂರ್ನಮೆಂಟಿಗೆ ಹೊರಟೆ. ಅದು ಕನ್ನಡ ಸಂಘಗಳ ಟೂರ್ನಮೆಂಟೆಂದು ಗೊತ್ತಿತ್ತು; ಅದರ ಅರ್ಥ ಹೊಳೆದದ್ದು ಆಟ ಶುರುವಾದ ಮೇಲೆ. ನಾನು "ಎಡಕ್ಕೆ" ಎಂದೊಡನೆ ಎದುರಾಳಿ ಹುಡುಗಿಯರು ಅಲ್ಲೇ ಹಾಜರು. ಗಾಬರಿಯಲ್ಲಿ ಇನ್ನಷ್ಟು ಜೋರಾಗಿ, ಇನ್ನಷ್ಟು ಸ್ಪಷ್ಟವಾಗಿ ಕೂಗಿದೆ. ಮೊದಲ ಪಂದ್ಯದಲ್ಲೇ ಸೋತೆವು; ಅದಾದ ಮೇಲೇ ಭಾವನ ಮನೆಯ ಆ ಊಟ.

"ಇಂಗ್ಲಿಷ್‌ನಲ್ಲಿ ಕೋಚ್ ಮಾಡೋರನ್ನ ಹುಡುಕ್ತಾ ಇದಾರಂತೆ ನಿಮ್ಮ ಸಂಘದ ಕಮಿಟಿಯವರು. ನೀನೇ ರಿಸೈನ್ ಮಾಡಿಬಿಡಮ್ಮ, ಮರ್ಯಾದೆ ಉಳಿಯುತ್ತೆ," ಎಂದರು ಭಾವ, ಪಲ್ಯ ಬಡಿಸುತ್ತ.

ನನಗೆ ಉರಿಯಿತು. ವಾರವಿಡೀ ಬಾಯಿ ತೆರೆದೂ ಮಾತಾಡಲಾಗದವರ ನಡುವೆ ಇರುವವಳು ನಾನು. ಭಾನುವಾರದ ಆ ಗದ್ದಲ ನನಗೆ ಬೇಕೇ ಬೇಕು. ಅಲ್ಲದೆ, ಸೋತವರು ಮನೆಗೆ ಎಂಬ ಟೂರ್ನಮೆಂಟಿನಲ್ಲಿ ಒಬ್ಬ ಕೋಚನ್ನು ಬಿಟ್ಟು ಮಿಕ್ಕವರೆಲ್ಲ ಸೋತೇ ಹೋಗಬೇಕು. ಭಾವನ ದೊಡ್ಡವರೂ ಹಾಗೆ ಹೋದವರೇ, ಮರುವರ್ಷ ನಾಚಿಕೆಯಿಲ್ಲದೆ ಬಂದವರೇ.

"ನಿಮ್ಮ ಪಟ್ಟೀಲಿ ಒಂದು ಸಲ ಸೋತಿದ್ದಕ್ಕೇ ಕೋಚಿಂಗ್ ಬಿಟ್ಟೋರು ಯಾರು, ತೋರಿಸಿ ಭಾವ," ಎಂದೆ. ಅವರು ಕನ್ನಡಕ ಹುಡುಕತೊಡಗಿದರು.

ಪಂದ್ಯದ ಕೊನೆಯ ನಿಮಿಷಗಳಲ್ಲಿ ಏನಾಯಿತೆಂದು ಅವರಿಗೆ ಹೇಳಲಿಲ್ಲ. ಮನೆಯಲ್ಲಿ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ತಂಡದ ಹುಡುಗಿಯರು "ಬಾರೇ, ಬಿಡಬೇಡ ಕಣೇ" ಎಂದು ಒಬ್ಬರಿಗೊಬ್ಬರು ಕೂಗಿಕೊಂಡರು. ನಾನು ಸ್ಕೋರ್ ನೋಡುವುದನ್ನೇ ಮರೆತೆ. ಅವರ ಅಪ್ಪ ಅಮ್ಮಂದಿರೇ ನಮ್ಮ ಕಮಿಟಿ. ಕನ್ನಡದಲ್ಲಿ ಉತ್ತರ ಬಾರದೆ ಸೋತು, ಅವರೂ ಮಕ್ಕಳೊಡನೆ ಇಂಗ್ಲಿಷಿಗೇ ಇಳಿದಿದ್ದಾರೆ.

ಸಿಡ್ನಿಗೆ ಬಂದವಳೇ ಕಮಿಟಿಯ ಅಧ್ಯಕ್ಷರಿಗೆ ಫೋನ್ ಮಾಡಿದೆ.

"ನನ್ನನ್ನ ತೆಗೀರಿ, ಬೇಜಾರಿಲ್ಲ. ಆದ್ರೆ ಯಾಕೆ ತೆಗೆದ್ರಿ ಅಂತ ಮಕ್ಕಳಿಗೆ ನೀವೇ ಹೇಳ್ಬೇಕು. ಕನ್ನಡದಲ್ಲಿ."

ಇನ್ನೂ ಯಾರೂ ಹೇಳಿಲ್ಲ. ನಾಳೆ ಭಾನುವಾರ, ಎಂಟು ಗಂಟೆಗೆ ಪ್ರಾಕ್ಟೀಸು.