ಬೈಕಿಗೊಂದು ವೋಲ್ಟ್‌ಮೀಟರ್

ಸಾಗರದ ಆ ಅಂಗಡಿಯಲ್ಲಿ ನಾನು ನಿಜವಾಗಿ ಏನು ಹೇಳಿದೆ ಎಂಬುದು ನನಗೆ ಖಚಿತವಿಲ್ಲ. ಬೈಕಿಗೆ ವೋಲ್ಟ್‌ಮೀಟರ್ ಕೂರಿಸುತ್ತಿದ್ದವನು, "ಕೀ ಹಾಕಿದಾಗ ಮಾತ್ರ ಬರ್ಬೇಕಾ ಸರ್, ಬ್ಯಾಟರಿಯಿಂದ ಡೈರೆಕ್ಟ್ ಕೊಡ್ಲಾ?" ಎಂದು ಕೇಳಿದನಂತೆ. "ಡೈರೆಕ್ಟ್ ಕೊಡಿ, ನಡುವೆ ಯಾರೂ ಬೇಡ" ಎಂದೆನಂತೆ ನಾನು. ಇದನ್ನು ಹೇಳುವವಳು ನನ್ನ ಹೆಂಡತಿ ಸುಮನ. ಅಂದು ವರದಮೂಲಕ್ಕೆ ಹೋಗಿ ಬರುವಾಗ ಅವಳು ಜೊತೆಗಿದ್ದಳು. ನನ್ನ ನೆನಪಿನಲ್ಲಾದರೋ ಆತ ಏನನ್ನೂ ಕೇಳಲೇ ಇಲ್ಲ. ಆದರೆ ನನ್ನ ನೆನಪು ಯಾವತ್ತೂ ನನ್ನದೇ ವಕೀಲನಂತೆ ವಾದಿಸುವುದನ್ನು ನೋಡಿದ್ದೇನೆ. ಸುಮನಳ ಮಾತನ್ನು ನಂಬುವುದೇ ಕ್ಷೇಮ.

ವೋಲ್ಟ್‌ಮೀಟರಿನ ಆಸೆ ಹುಟ್ಟಿದ್ದು ತೀರ್ಥಹಳ್ಳಿಯಲ್ಲಿ. ನಾನು ಪಾಠ ಮಾಡುವ ಕಾಲೇಜಿನ ಅಂಗಳದಲ್ಲಿ ಒಂದು ಸಂಜೆ ಬೈಕು ಉಸಿರೆತ್ತಲಿಲ್ಲ. ನನ್ನದು ಕಿಕ್ ಇಲ್ಲದ, ಬರೀ ಬಟನ್ನಿನ ಬೈಕು. ಬೆಳಿಗ್ಗೆ ನನ್ನಿಂದ ಬೈಸಿಕೊಂಡಿದ್ದ ವಿದ್ಯಾರ್ಥಿಗಳೇ ಇಳಿಜಾರಿನ ತನಕ ನನ್ನನ್ನು ತಳ್ಳಿಕೊಂಡು ಹೋದರು. ಬಹಳ ಉತ್ಸಾಹದಿಂದಲೇ ತಳ್ಳಿದರು. ಬ್ಯಾಟರಿ ಕೈಕೊಡುವ ಮುಂಚೆ ಒಂದು ಮಾತು ಹೇಳಬಾರದಿತ್ತೇ ಎಂದು ಅಂದೇ ಅನ್ನಿಸಿತು. ಹೇಳುವ ಸಾಧನ ಇದೆಯೆಂದು ಆಮೇಲೆ ತಿಳಿಯಿತು. ಬ್ಯಾಟರಿಯ ಕಸುವನ್ನು ಅಂಕಿಯಲ್ಲಿ ತೋರಿಸುವ, ಬಿಸ್ಕತ್ತಿನಷ್ಟಗಲದ ಡಬ್ಬಿ.

ಆರಿಸುವುದಕ್ಕೆ ನನಗೆ ವಾರಗಟ್ಟಲೆ ಹಿಡಿಯಿತು. ಮುಳ್ಳು ಓಡಾಡುವ ಬಗೆಯದೊಂದಿದೆ, ನೋಡಲು ಚಂದ, ಆದರೆ ಹೇಳುವುದೆಲ್ಲ ಅಂದಾಜು. ಮೊಬೈಲಿಗೆ ಚಾರ್ಜು ಕೊಡುವುದೊಂದಿದೆ. ಎರಡು ಕೆಲಸ ಮಾಡುವವರನ್ನು ನಾನು ನಂಬುವುದಿಲ್ಲ. ಕೊನೆಗೆ ಕೆಂಪು ಅಂಕಿಯದನ್ನು ತೆಗೆದುಕೊಂಡೆ. ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿದವನು ನಾನು. ಎಲ್ಲವನ್ನೂ ಸಂದೇಹಿಸುವುದನ್ನು ಅಲ್ಲಿ ಕಲಿಸಿದ್ದರು. ದಶಮಾಂಶ ಬಿಂದುವಿನ ಮುಂದೆಯೂ ಒಂದು ಅಂಕಿ ತೋರಿಸುವ ಯಂತ್ರವನ್ನು ಸಂದೇಹಿಸುವುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ.

ಇನ್ನು ನಮ್ಮ ಶೆಡ್ಡಿನ ವಿಷಯ ಹೇಳಬೇಕು. ಹೊಸನಗರದಲ್ಲಿ ನಮ್ಮ ಕೇರಿಯ ಮನೆಗಳೆಲ್ಲ ದಿಬ್ಬದ ಮೇಲಿವೆ, ಮೆಟ್ಟಿಲು ಹತ್ತಿ ಹೋಗಬೇಕು. ಬೈಕುಗಳು ಕೆಳಗೆ ಒಂದೇ ತಗಡಿನ ಶೆಡ್ಡಿನಲ್ಲಿ ಒಂದರ ಹಿಂದೊಂದು ನಿಲ್ಲುತ್ತವೆ. ಒಳಗಿನದು ಬೇಕಾದರೆ ಹೊರಗಿನದನ್ನು ಸರಿಸಬೇಕು. ಹಾಗಾಗಿ ಕೀ ಬೈಕಿನಲ್ಲೇ ಇರುವುದು ನಮ್ಮಲ್ಲಿ ರೂಢಿ. ಸರಿಸುವವರು ಸರಿಸುತ್ತಾರೆ, ಅವಸರವಿದ್ದವರು ಮುಂದೆ ನಿಂತದ್ದನ್ನೇ ಹತ್ತಿ ಪೇಟೆಗೆ ಹೋಗಿ ಬರುತ್ತಾರೆ. ಹಿಟ್ಟಿನ ಗಿರಣಿಯ ಮಂಜಣ್ಣ ನನ್ನ ಬೈಕನ್ನು ನನಗಿಂತ ಹೆಚ್ಚು ಓಡಿಸಿರಬಹುದು. ನಾನೂ ಅವನದನ್ನು ಕೇಳದೆಯೇ ಒಯ್ದಿದ್ದೇನೆ.

ಮೀಟರ್ ಬಂದ ಮೇಲೆ ಕಾಲೇಜಿಗೆ ರಜೆ ಶುರುವಾಯಿತು, ನನ್ನ ಓಡಾಟ ನಿಂತಿತು. ಆದರೂ ದಿನಾ ಬೆಳಿಗ್ಗೆ ಕೆಳಗಿಳಿದು, ಕೀ ತಿರುಗಿಸಿ, ಅಂಕಿ ನೋಡಿ ಬರುತ್ತಿದ್ದೆ, ನಾಡಿ ಹಿಡಿಯುವವರಂತೆ. ಅಂಕಿ ದಿನದಿನಕ್ಕೂ ಇಳಿಯುತ್ತಿತ್ತು. ಯಾರೋ ಕೀ ಆನ್ ಮಾಡಿಟ್ಟು ಮರೆಯುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಕ್ಲಚ್ಚಿನ ಮೇಲೆ ಬಿಳಿ ಹಿಟ್ಟು ಕಾಣಿಸಿದಾಗ ಆ 'ಯಾರೋ' ಯಾರೆಂಬುದೂ ತೀರ್ಮಾನವಾಯಿತು.

"ಮಂಜಣ್ಣ, ಇಳಿಯೋವಾಗ ಕೀ ಆಫ್ ಮಾಡು ಮಾರಾಯ" ಎಂದೆ, ಶೆಡ್ಡಿನಲ್ಲಿ ನಾಲ್ಕು ಜನರ ಎದುರಿಗೆ.

"ಆಫ್ ಮಾಡ್ದೇ ಯಾವತ್ತು ಇಳ್ದಿದೀನಿ ಮೇಷ್ಟ್ರೇ?"

"ಹಂಗಾದ್ರೆ ಮೀಟರ್ ಸುಳ್ಳು ಹೇಳ್ತದಾ?"

"ಮೀಟರ್ ಸುಳ್ಳು ಹೇಳ್ಲಿಕ್ಕಿಲ್ಲ. ಅದು ಹೇಳಿದ್ದು ನಿಮಗೆ ತಿಳೀತಾ ಅಂತ ನೋಡ್ಕೊಳಿ."

ಉಳಿದವರು ನಕ್ಕರು. ನಾನು ಕೀ ಕಿತ್ತು ಜೇಬಿಗೆ ಹಾಕಿಕೊಂಡೆ.

ಮರುದಿನ ಮಂಜಣ್ಣನ ಬೈಕಿನಲ್ಲೂ ಕೀ ಇರಲಿಲ್ಲ. ಆಮೇಲೆ ಯಾರ ಬೈಕಿನಲ್ಲೂ ಇರಲಿಲ್ಲ. ಒಂದು ಬೈಕು ಹೊರತೆಗೆಯಲು ಕೇರಿಯವರೆಲ್ಲ ಮೆಟ್ಟಿಲು ಹತ್ತಿ, ಬಾಗಿಲು ಬಡಿದು, "ಸ್ವಲ್ಪ ಕೀ ಕೊಡ್ತೀರಾ" ಎಂದು ಅಪರಿಚಿತರಂತೆ ಬೇಡಬೇಕಾಯಿತು. ಮಂಜಣ್ಣ ನಮ್ಮ ಬಾಗಿಲು ಮಾತ್ರ ಬಡಿಯಲಿಲ್ಲ, ನಡೆದೇ ಗಿರಣಿಗೆ ಹೋದ.

ನಾಚಿಕೆಯ ಸಂಗತಿ ಮುಂದಿದೆ. ಕೀ ನನ್ನ ಜೇಬಿನಲ್ಲಿದ್ದರೂ ಅಂಕಿ ಇಳಿಯುತ್ತಲೇ ಇತ್ತು. ಸಂದೇಹವಾದಿಯಾದವನು ಆಗ ತನ್ನ ಸಿದ್ಧಾಂತವನ್ನು ಸಂದೇಹಿಸಬೇಕು. ನಾನೋ, ಮಂಜಣ್ಣ ಡೂಪ್ಲಿಕೇಟ್ ಕೀ ಮಾಡಿಸಿರಬಹುದೇ ಎಂದು ಯೋಚಿಸಿದೆ.

ಒಂದು ಮುಸ್ಸಂಜೆ ಕರೆಂಟು ಹೋಗಿತ್ತು. ಹಾಲು ತರಲು ಕೆಳಗೆ ಹೋದ ಸುಮನ ಶೆಡ್ಡಿನಿಂದಲೇ ಕೂಗಿ ನನ್ನನ್ನು ಕರೆದಳು. ಕತ್ತಲಲ್ಲಿ ನನ್ನ ಬೈಕಿನ ಮೇಲೆ ಕೆಂಪು ಅಂಕಿ ಉರಿಯುತ್ತಿತ್ತು.

"ಕೀ ನಿಮ್ಮ ಜೇಬಲ್ಲಿದೆ. ಇದು ಯಾರಿಗೆ ತೋರಿಸ್ತಾ ಕೂತಿದೆ?"

ಹಗಲಿನಲ್ಲಿ ನಾನು ಮೊದಲು ಕೀ ತಿರುಗಿಸಿ ಆಮೇಲೆ ಅಂಕಿ ನೋಡುತ್ತಿದ್ದೆ. ಹಾಗಾಗಿ ಕೀ ಇಲ್ಲದೆಯೂ ಅದು ಉರಿಯುತ್ತಲೇ ಇರುತ್ತದೆಂದು ಗೊತ್ತಾಗಿರಲಿಲ್ಲ. ಬ್ಯಾಟರಿ ಬರಿದಾಗುತ್ತಿದೆ ಎಂದು ಹೇಳುವುದಕ್ಕಾಗಿಯೇ ಅದು ಹಗಲೂ ರಾತ್ರಿ ಬ್ಯಾಟರಿಯನ್ನು ಕುಡಿಯುತ್ತಿತ್ತು. ಹಿಂದೆ ಮುಹೂರ್ತ ನೋಡಲು ಗಳಿಗೆ ಬಟ್ಟಲು ಇಡುತ್ತಿದ್ದರಂತೆ. ತಳದಲ್ಲಿ ತೂತಿರುವ ಆ ಬಟ್ಟಲು ಕೊಪ್ಪರಿಗೆಯ ನೀರನ್ನೇ ಕುಡಿದು ಮುಳುಗಿ ಹೊತ್ತು ತಿಳಿಸುತ್ತಿತ್ತು. ಅಳೆಯುವುದೆಲ್ಲ ಏನನ್ನಾದರೂ ತಿನ್ನುತ್ತದೆಯೋ ಏನೋ. ಆದರೆ ಆ ಬಟ್ಟಲು ತಾನು ಕುಡಿದ ನೀರಿಗೆ ಪಕ್ಕದ ಮನೆಯವರನ್ನು ಕಳ್ಳರೆಂದದ್ದಿಲ್ಲ.

ಮರುದಿನವೇ ಮೀಟರಿನ ವೈರನ್ನು, ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ವೈರಿಗೆ ಹಾಕಿಸಿದೆ. ಆಮೇಲೆ ಗಿರಣಿಗೆ ಹೋದೆ. ಯಂತ್ರದ ಅಬ್ಬರದಲ್ಲಿ ನನ್ನ ಪಶ್ಚಾತ್ತಾಪ ಮಂಜಣ್ಣನ ಕಿವಿಗೆ ಬೀಳಲಿಲ್ಲ.

"ಅಕ್ಕಿನಾ, ಗೋಧಿನಾ?" ಎಂದ.

"ತಪ್ಪು ನಂದೇ" ಎಂದು ನಾನು ಕಿರುಚುವುದಕ್ಕೂ ಯಂತ್ರ ನಿಲ್ಲುವುದಕ್ಕೂ ಸರಿಹೋಯಿತು. ಚೀಲ ಹಿಡಿದು ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಎಲ್ಲರೆದುರು ದೂರಿದ್ದೆನಲ್ಲ, ಎಲ್ಲರೆದುರೇ ನಡೆದದ್ದನ್ನು ಹೇಳಿದೆ.

"ಮೀಟರ್ ತೆಗ್ಸಿದ್ರಾ?"

"ಇಲ್ಲ. ವೈರ್ ಬದಲಾಯ್ಸಿದೆ."

"ಹ್ಞೂಂ, ಇರ್ಲಿ ಬಿಡಿ" ಎಂದು ಅವನು ಮತ್ತೆ ಯಂತ್ರ ಹಾಕಿದ. ಮುಗುಳ್ನಕ್ಕನೇ? ನಕ್ಕ ಎಂದು ನೆನಪು. ಆ ನೆನಪು ಯಾರ ಪಕ್ಷದ್ದೆಂದು ಹೇಳಿಯಾಗಿದೆ.

ಅಂದೇ ಕೀಯನ್ನು ಬೈಕಿನಲ್ಲಿ ಬಿಟ್ಟು ಮೆಟ್ಟಿಲು ಹತ್ತಿದೆ. ಎಷ್ಟೋ ದಿನ ಬೈಕನ್ನು ಯಾರೂ ಮುಟ್ಟಲಿಲ್ಲ. ಕ್ಷಮಿಸು ಎನ್ನಲು ಒಂದು ಗಳಿಗೆ ಸಾಕು, ಇನ್ನೊಬ್ಬರ ಬೈಕು ಮತ್ತೆ ಹತ್ತುವುದಕ್ಕೆ ಅಷ್ಟು ಸಾಲದು ಎಂದು ಸಮಾಧಾನ ಹೇಳಿಕೊಂಡೆ.

ಮೊನ್ನೆ ಮಧ್ಯಾಹ್ನ ಶೆಡ್ಡಿಗೆ ಇಳಿದಾಗ ಕಾಲು ನನ್ನ ಬೈಕಿನ ಸೈಲೆನ್ಸರಿಗೆ ತಾಗಿ ಚುರ್ರೆಂದಿತು. ಸಂತೋಷಪಡುವ ಮೊದಲು ಅನುಮಾನ ಬಂತು. ನಾನೇ ಎಲ್ಲಿಗಾದರೂ ಹೋಗಿ ಬಂದು ಮರೆತೆನೋ? ಮೇಲೆ ಹತ್ತಿ ಸುಮನಳನ್ನು ಕೇಳಿದೆ.

"ಊಟ ಮಾಡಿ ಮಲಗಿದೋರು ಈಗ ಎದ್ದಿದೀರಿ" ಎಂದಳು.

ಮತ್ತೆ ಕೆಳಗಿಳಿದು ಸೈಲೆನ್ಸರಿನ ಹತ್ತಿರ ಅಂಗೈ ಹಿಡಿದು ನೋಡಿದೆ. ಬಿಸಿ ಇನ್ನೂ ಇತ್ತು.